ಕೊನೆಗೆ ಉಳಿದವರು ಇಬ್ಬರು: ಅಮೆರಿಕದ ಕಾಲೇಜು ಕ್ರೀಡಾ ಒಕ್ಕೂಟವೊಂದರ ಪತನ

ಅಮೆರಿಕದ ವಿಶ್ವವಿದ್ಯಾಲಯಗಳು ಹತ್ತು ಹದಿನೈದು ಸಂಸ್ಥೆಗಳ ಕೂಟ ಕಟ್ಟಿಕೊಂಡು, ಪ್ರತಿವರ್ಷ ತಮ್ಮತಮ್ಮೊಳಗೆ ಪಂದ್ಯಗಳನ್ನಾಡಿ, ಚಾಂಪಿಯನ್ ಯಾರೆಂಬುದನ್ನು ತೀರ್ಮಾನಿಸಿ, ಆ ಪಂದ್ಯಗಳನ್ನು ಟಿ.ವಿ.ಯಲ್ಲಿ ತೋರಿಸುವ ಹಕ್ಕನ್ನು ಒಟ್ಟಾಗಿ ಮಾರಿ, ಬಂದ ಹಣವನ್ನು ಹಂಚಿಕೊಳ್ಳುತ್ತವೆ. ಇಂಥ ಕೂಟಕ್ಕೆ ಅಲ್ಲಿ ಕಾನ್ಫರೆನ್ಸ್ ಎಂದು ಹೆಸರು. ಕನ್ನಡದಲ್ಲಿ ಕ್ರೀಡಾ ಒಕ್ಕೂಟ ಎನ್ನಬಹುದು. ಒಂದು ಒಕ್ಕೂಟದ ಸದಸ್ಯರು ಅದನ್ನು ತೊರೆದು ಇನ್ನೊಂದನ್ನು ಸೇರುವುದು, ಅದರಿಂದ ಬೇರೆ ಒಕ್ಕೂಟಗಳ ಸದಸ್ಯತ್ವವೂ ಅದಲುಬದಲಾಗುವುದು ನಾಲ್ಕು ದಶಕಗಳಿಂದ ನಡೆದುಬಂದಿದೆ. ಹೀಗಿದ್ದರೂ ಪ್ರತಿಸಲವೂ ಯಾವುದೋ ಒಂದೆರಡು ವಿಶ್ವವಿದ್ಯಾಲಯಗಳು ಏನೂ ಸಿದ್ಧತೆಯಿಲ್ಲದೆ ಸಿಕ್ಕಿಬೀಳುತ್ತವೆ. ಆ ಪೈಕಿ ಅತಿ ದೊಡ್ಡ ಪತನ ನಡೆದದ್ದು 2023ರ ಬೇಸಿಗೆಯಲ್ಲಿ, ಪೆಸಿಫಿಕ್ ಕರಾವಳಿಯ ಪ್ಯಾಕ್-12 ಒಕ್ಕೂಟದಲ್ಲಿ. ಹನ್ನೆರಡು ಸದಸ್ಯರಿದ್ದ, ನೂರು ವರ್ಷ ದಾಟಿದ್ದ ಆ ಸಂಸ್ಥೆಯಲ್ಲಿ ಕೊನೆಗೆ ಉಳಿದವರು ಇಬ್ಬರು.

ಕರ್ನಾಟಕದ ಓದುಗರಿಗೆ ಈ ವಿಷಯದಲ್ಲಿ ಮೊದಲು ಅಚ್ಚರಿ ಹುಟ್ಟಿಸುವುದು ಹಣದ ಪ್ರಮಾಣ. ಇಲ್ಲಿನ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳು ವಿಶ್ವವಿದ್ಯಾಲಯದ ಅನುದಾನದಲ್ಲಿ, ಬಹುಮಟ್ಟಿಗೆ ಖಾಲಿ ಗ್ಯಾಲರಿಗಳ ಮುಂದೆ ನಡೆದು ಮುಗಿಯುತ್ತವೆ. ಅಮೆರಿಕದಲ್ಲಿ ಕೈಯಲ್ಲಿ ಚೆಂಡು ಹಿಡಿದು ನುಗ್ಗಿ ಆಡುವ ಅವರದೇ ಬಗೆಯ ಫುಟ್‌ಬಾಲ್ ಕಾಲೇಜು ಮಟ್ಟದಲ್ಲೇ ಭಾರಿ ಉದ್ಯಮವಾಗಿ ಬೆಳೆದಿದ್ದು, ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ಐಪಿಎಲ್‌ನ 2023ರಿಂದ 2027ರವರೆಗಿನ ಐದು ಆವೃತ್ತಿಗಳ ಪ್ರಸಾರ ಹಕ್ಕು ₹48,390 ಕೋಟಿಗೆ ಮಾರಾಟವಾದದ್ದು ಇಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದು ಮಾರಾಟವಾದ 2022ರಲ್ಲೇ ಅಮೆರಿಕದ ಬಿಗ್ ಟೆನ್ ಎಂಬ ಕಾಲೇಜು ಒಕ್ಕೂಟ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳೊಡನೆ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೊತ್ತ 700 ಕೋಟಿ ಡಾಲರ್ ಮೀರಿತ್ತೆಂದು ವರದಿಯಾಯಿತು. ಈ ಹಣದಲ್ಲಿ ಫುಟ್‌ಬಾಲ್ ತಂಡವೊಂದೇ ಬದುಕುವುದಿಲ್ಲ. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಗಳಿಸುವ ಆಟಗಳು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಎರಡೇ ಆಗಿರುವುದರಿಂದ, ಈಜು, ದೋಣಿ ಸ್ಪರ್ಧೆ, ಕುಸ್ತಿ, ವಾಲಿಬಾಲ್, ಅಥ್ಲೆಟಿಕ್ಸ್ ಮುಂತಾದವುಗಳ ತರಬೇತುದಾರರ ಸಂಬಳ, ವಿದ್ಯಾರ್ಥಿವೇತನ, ಪ್ರಯಾಣದ ಖರ್ಚು ಎಲ್ಲವೂ ಆ ಎರಡರ ವರಮಾನದಿಂದಲೇ ಸಾಗಬೇಕಾಗುತ್ತದೆ. ಫುಟ್‌ಬಾಲ್ ತಂಡ ಒಕ್ಕೂಟ ಬದಲಿಸಿದಾಗ ಉಳಿದ ಆಟಗಳೂ ಸಾಮಾನ್ಯವಾಗಿ ಅದರ ಬೆನ್ನಿಗೇ ಹೊರಡಬೇಕಾದದ್ದು ಇದೇ ಕಾರಣಕ್ಕೆ.

ಒಕ್ಕೂಟಗಳು ಹುಟ್ಟಿದ್ದು ನೆರೆಹೊರೆಯ ಆಧಾರದ ಮೇಲೆ. 1896ರಲ್ಲಿ ಆರಂಭವಾದ ಬಿಗ್ ಟೆನ್ ಷಿಕಾಗೋ ಸುತ್ತಮುತ್ತಲಿನ ವಿಶ್ವವಿದ್ಯಾಲಯಗಳದ್ದು. 1915ರಲ್ಲಿ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸ್ಥಾಪನೆಯಾದ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್ ಪಶ್ಚಿಮ ಕರಾವಳಿಯದ್ದು. ರೈಲಿನಲ್ಲಿ ಹೋಗಿ ಆಡಿ ಮರಳಬಹುದಾದಷ್ಟು ದೂರದಲ್ಲಿರುವವರು ಕೂಡಿಕೊಂಡರು, ಅಷ್ಟೆ. 1906ರಲ್ಲಿ ಸ್ಥಾಪನೆಯಾದ ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ನಿಯಂತ್ರಣ ಸಂಸ್ಥೆ, ಟಿ.ವಿ. ಬಂದ ಮೇಲೆ ಯಾವ ತಂಡದ ಫುಟ್‌ಬಾಲ್ ಪಂದ್ಯ ವರ್ಷಕ್ಕೆ ಎಷ್ಟು ಸಲ ಪ್ರಸಾರವಾಗಬೇಕೆಂಬುದನ್ನು ತಾನೇ ನಿಗದಿಪಡಿಸುತ್ತಿತ್ತು. ಜನಪ್ರಿಯ ತಂಡಗಳಿದ್ದ ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಈ ಕಟ್ಟುಪಾಡಿನ ವಿರುದ್ಧ ನ್ಯಾಯಾಲಯಕ್ಕೆ ಹೋದವು. ಇಂಥ ನಿಯಂತ್ರಣ ಏಕಸ್ವಾಮ್ಯ ನಿಷೇಧ ಕಾನೂನಿಗೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರ ಜೂನ್‌ನಲ್ಲಿ 7-2ರ ಬಹುಮತದಿಂದ ತೀರ್ಪಿತ್ತಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಹಳೆಯ ಫುಟ್‌ಬಾಲ್ ಆಟಗಾರರಾಗಿದ್ದರು ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಆ ತೀರ್ಪಿನ ಬಳಿಕ ಪಂದ್ಯ ಮಾರುವ ಅಧಿಕಾರ ವಿಶ್ವವಿದ್ಯಾಲಯಗಳಿಗೂ ಅವುಗಳ ಒಕ್ಕೂಟಗಳಿಗೂ ಬಂತು. ಒಕ್ಕೂಟದ ಬೆಲೆಯನ್ನು ಅಲ್ಲಿನ ನಗರಗಳಲ್ಲಿ ಎಷ್ಟು ಮನೆಗಳಲ್ಲಿ ಟಿ.ವಿ. ಹಚ್ಚುತ್ತಾರೆ ಎಂಬುದು ನಿರ್ಧರಿಸತೊಡಗಿತು. ಇದರ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಟೆಕ್ಸಾಸ್‌ನ ಸೌತ್‌ವೆಸ್ಟ್ ಕಾನ್ಫರೆನ್ಸ್ ಮೇಲೆ. 1996ರಲ್ಲಿ ಅದು ಮುಚ್ಚಿದಾಗ ಟೆಕ್ಸಾಸ್, ಟೆಕ್ಸಾಸ್ ಎ ಅಂಡ್ ಎಂ, ಬೇಲರ್, ಟೆಕ್ಸಾಸ್ ಟೆಕ್ ಈ ನಾಲ್ಕು ಹೊಸದಾಗಿ ರೂಪುಗೊಂಡ ಬಿಗ್ 12 ಒಕ್ಕೂಟ ಸೇರಿ ಬಚಾವಾದವು. ಅದೇ ರಾಜ್ಯದ ಟಿಸಿಯು, ಎಸ್‌ಎಂಯು, ರೈಸ್, ಹ್ಯೂಸ್ಟನ್ ವಿಶ್ವವಿದ್ಯಾಲಯಗಳು ಹೊರಗುಳಿದವು. ಪಶ್ಚಿಮ ಕರಾವಳಿಯವರಿಗೆ ಈ ಪಾಠ ಕಣ್ಣೆದುರಿಗೇ ಇತ್ತು. ಅದು ಬೇರೆಯವರ ಮನೆಯ ಪಾಡು ಎಂದುಕೊಂಡದ್ದೇ ಅವರ ಮೊದಲ ತಪ್ಪು.

ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್ 1959ರಲ್ಲಿ ಒಡೆದು, ಬೇರೆ ಹೆಸರಿನಲ್ಲಿ ಮತ್ತೆ ಕೂಡಿ, ಸದಸ್ಯರ ಸಂಖ್ಯೆಗೆ ತಕ್ಕಂತೆ ಪ್ಯಾಕ್-8, ಪ್ಯಾಕ್-10 ಎನಿಸಿಕೊಂಡು, 2011ರಲ್ಲಿ ಕೊಲೊರಾಡೊ ಮತ್ತು ಯೂಟಾ ಸೇರಿದಾಗ ಪ್ಯಾಕ್-12 ಆಯಿತು. ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ, ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿ, ಒರೆಗಾನ್ ಮತ್ತು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್, ಅರಿಜೋನಾ ಮತ್ತು ಅರಿಜೋನಾ ಸ್ಟೇಟ್ ಹೀಗೆ ಜೋಡಿಜೋಡಿಯಾಗಿದ್ದ ಈ ಒಕ್ಕೂಟ ಒಲಿಂಪಿಕ್ಸ್‌ಗೂ ಕ್ರೀಡಾಪಟುಗಳನ್ನು ದಂಡಿಯಾಗಿ ಕೊಟ್ಟದ್ದು. 2011ರಲ್ಲಿ ಅಂದಿನ ಆಯುಕ್ತ ಲ್ಯಾರಿ ಸ್ಕಾಟ್ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ 12 ವರ್ಷಗಳಿಗೆ ಸುಮಾರು 300 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಾಗ ಅದು ಕಾಲೇಜು ಕ್ರೀಡೆಯಲ್ಲೇ ದೊಡ್ಡದಾಗಿತ್ತು. ಆದರೆ ಮರುವರ್ಷ ಒಕ್ಕೂಟ ಯಾವ ಪ್ರಸಾರ ಸಂಸ್ಥೆಯ ಪಾಲುದಾರಿಕೆಯೂ ಇಲ್ಲದೆ ತೆರೆದ ಸ್ವಂತ ವಾಹಿನಿಯನ್ನು ಡೈರೆಕ್ಟ್‌ಟಿವಿ ಎಂಬ ದೊಡ್ಡ ಉಪಗ್ರಹ ಪ್ರಸಾರ ಕಂಪನಿ ಕೊನೆಯವರೆಗೂ ತನ್ನ ಪಟ್ಟಿಗೆ ಸೇರಿಸಿಕೊಳ್ಳಲಿಲ್ಲ. ಒಪ್ಪಂದದ ಅವಧಿ ಉದ್ದವಾಗಿದ್ದುದರಿಂದ ಬೇರೆ ಒಕ್ಕೂಟಗಳು ಮತ್ತೆಮತ್ತೆ ಬೆಲೆ ಏರಿಸಿಕೊಳ್ಳುತ್ತಿದ್ದಾಗ ಪ್ಯಾಕ್-12 ಹಳೆಯ ದರದಲ್ಲೇ ಉಳಿಯಿತು.

2021ರ ಜುಲೈನಲ್ಲಿ ಟೆಕ್ಸಾಸ್ ಮತ್ತು ಒಕ್ಲಹೋಮ ವಿಶ್ವವಿದ್ಯಾಲಯಗಳು ಬಿಗ್ 12 ತೊರೆದು ದಕ್ಷಿಣದ ಎಸ್‌ಇಸಿ ಒಕ್ಕೂಟ ಸೇರಲಿವೆ ಎಂಬ ಸುದ್ದಿ ಹ್ಯೂಸ್ಟನ್‌ನ ಪತ್ರಿಕೆಯೊಂದರಲ್ಲಿ ಬಂದಾಗ ದೇಶಕ್ಕೆ ದೇಶವೇ ಬೆಚ್ಚಿತು. ಅದಾಗಿ ಒಂದು ತಿಂಗಳಿಗೆ ಬಿಗ್ ಟೆನ್, ಎಸಿಸಿ ಮತ್ತು ಪ್ಯಾಕ್-12 ಒಕ್ಕೂಟಗಳು ಪರಸ್ಪರ ಸಹಕಾರದ ಮೈತ್ರಿಯನ್ನು ಘೋಷಿಸಿದವು. ಆ ಮೈತ್ರಿಗೆ ಸಹಿ ಹಾಕಿದ ಕಾಗದವಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕೊಟ್ಟ ಮಾತು ಸಾಕೆಂಬುದು ಅದರ ರೂವಾರಿಗಳ ನಿಲುವು. ಹತ್ತು ತಿಂಗಳು ದಾಟುತ್ತಿದ್ದಂತೆಯೇ, 2022ರ ಜೂನ್ 30ರಂದು, ಅದೇ ಬಿಗ್ ಟೆನ್ ಅದೇ ಪ್ಯಾಕ್-12ರಿಂದ ಯುಎಸ್‌ಸಿ ಮತ್ತು ಯುಸಿಎಲ್‌ಎಗಳನ್ನು ಸೆಳೆದುಕೊಂಡಿತು. ಸುದ್ದಿ ಹೊರಬಿದ್ದದ್ದೂ ನಿರ್ಧಾರ ಅಧಿಕೃತವಾದದ್ದೂ ಒಂದೇ ದಿನ. ಉಳಿದ ಹತ್ತು ಸದಸ್ಯರಿಗೆ ಹಿಂದುಮುಂದು ಯೋಚಿಸಲು ಸಮಯವೇ ಸಿಗಲಿಲ್ಲ. ಲಾಸ್ ಏಂಜಲೀಸ್ ಎಂಬ ದೇಶದ ಎರಡನೆಯ ಅತಿದೊಡ್ಡ ಟಿ.ವಿ. ಮಾರುಕಟ್ಟೆ ಕೈತಪ್ಪಿದೊಡನೆ ಒಕ್ಕೂಟದ ಬೆಲೆ ಕುಸಿಯಿತು.

ಇಲ್ಲಿ ಒಂದು ಪಾರಿಭಾಷಿಕ ಪದವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಪ್ರಕರಣದ ಕೀಲು ಅದರಲ್ಲಿದೆ. ಗ್ರಾಂಟ್ ಆಫ್ ರೈಟ್ಸ್ ಎಂದರೆ, ಪ್ರತಿಯೊಂದು ವಿಶ್ವವಿದ್ಯಾಲಯ ತನ್ನ ತವರು ಮೈದಾನದ ಪಂದ್ಯಗಳ ಪ್ರಸಾರ ಹಕ್ಕನ್ನು ನಿಗದಿತ ವರ್ಷಗಳವರೆಗೆ ಒಕ್ಕೂಟಕ್ಕೆ ಬರೆದುಕೊಡುವ ಪತ್ರ. ಇದನ್ನು ಬರೆದುಕೊಟ್ಟ ಸಂಸ್ಥೆ ನಡುವೆ ಬಿಟ್ಟುಹೋದರೂ ಅದರ ಪಂದ್ಯಗಳ ಹಣ ಹಳೆಯ ಒಕ್ಕೂಟಕ್ಕೇ ಸೇರುವುದರಿಂದ ಹೊಸ ಒಕ್ಕೂಟಕ್ಕೆ ಅಂಥ ಸಂಸ್ಥೆಯಿಂದ ಲಾಭವಿಲ್ಲ. ಆದ್ದರಿಂದ ಯಾರೂ ಕರೆಯುವುದಿಲ್ಲ. ಎಸಿಸಿಯ ಪತ್ರದ ಅವಧಿ 2036ರವರೆಗೆ ಇದ್ದುದರಿಂದಲೇ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಹೊರಬೀಳುವ ದಾರಿಗಾಗಿ 2023ರ ಡಿಸೆಂಬರ್‌ನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಪ್ಯಾಕ್-12ರ ಪತ್ರ ಮಾತ್ರ ಟಿ.ವಿ. ಒಪ್ಪಂದದ ಜೊತೆಗೆ 2024ರ ಬೇಸಿಗೆಯಲ್ಲಿ ಮುಗಿಯಲಿತ್ತು. ಅಂದಿನಿಂದಾಚೆಗೆ ಹತ್ತರಲ್ಲಿ ಯಾರನ್ನೂ ಯಾವ ಕಾಗದವೂ ಹಿಡಿದಿಟ್ಟಿರಲಿಲ್ಲ. ಹೊಸ ಪತ್ರಕ್ಕೆ ಸಹಿ ಹಾಕಬೇಕಾದರೆ ಎಷ್ಟು ಹಣ ಸಿಗುತ್ತದೆಂಬುದು ಸದಸ್ಯರಿಗೆ ತಿಳಿಯಬೇಕು. ಎಷ್ಟು ಹಣ ಕೊಡಬಹುದೆಂದು ವಾಹಿನಿಗಳು ಹೇಳಬೇಕಾದರೆ ಯಾರು ಯಾರು ಉಳಿಯುತ್ತಾರೆಂಬುದು ಅವುಗಳಿಗೆ ತಿಳಿಯಬೇಕು. ಈ ಗಂಟು ಬಿಚ್ಚದೆ ಒಂದು ವರ್ಷ ಕಳೆಯಿತು.

ಅಷ್ಟರಲ್ಲಿ, ಹಿಂದಿನ ವರ್ಷ ಅನಾಥವಾದಂತೆ ಕಂಡಿದ್ದ ಬಿಗ್ 12 ಚುರುಕಾಯಿತು. ಅದರ ಹೊಸ ಆಯುಕ್ತ ಬ್ರೆಟ್ ಯೋರ್ಮಾರ್ಕ್ 2022ರ ಅಕ್ಟೋಬರ್‌ನಲ್ಲಿ, ತಮ್ಮ ಸರದಿ ಬರುವ ಮೊದಲೇ, ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಆರು ವರ್ಷಗಳಿಗೆ ಸುಮಾರು 228 ಕೋಟಿ ಡಾಲರ್ ಒಪ್ಪಂದ ಕುದುರಿಸಿದರು. ಪ್ರತಿ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ ಮೂರು ಕೋಟಿ ಡಾಲರಿಗೂ ಹೆಚ್ಚು. ಪ್ಯಾಕ್-12ಕ್ಕೂ ಅದೇ ಸುಮಾರಿಗೆ ತಲಾ ಮೂರು ಕೋಟಿ ಡಾಲರಿನ ಪ್ರಸ್ತಾವವೊಂದು ಇಎಸ್‌ಪಿಎನ್‌ನಿಂದ ಬಂದಿತ್ತೆಂದೂ, ಸದಸ್ಯ ಸಂಸ್ಥೆಗಳ ಮುಖ್ಯಸ್ಥರು ತಲಾ ಐದು ಕೋಟಿ ಕೇಳಿದ್ದರಿಂದ ಮಾತುಕತೆ ಮುರಿಯಿತೆಂದೂ ಬಳಿಕ ವರದಿಯಾಯಿತು. ವಿದ್ವಾಂಸರೇ ತುಂಬಿದ ಮಂಡಳಿ ತನ್ನ ಸರಕಿನ ಬೆಲೆಯನ್ನು ಇಷ್ಟು ತಪ್ಪಾಗಿ ಅಂದಾಜಿಸಿದ್ದು ಸೋಜಿಗ. 2023ರ ಜುಲೈ 21ರಂದು ಒಕ್ಕೂಟದ ವಾರ್ಷಿಕ ಪತ್ರಿಕಾಗೋಷ್ಠಿಯಲ್ಲಿ ಆಯುಕ್ತ ಜಾರ್ಜ್ ಕ್ಲಿಯಾವ್‌ಕಾಫ್, ಕಾದಷ್ಟೂ ತಮಗೆ ಒಳ್ಳೆಯ ಪ್ರಸ್ತಾವಗಳು ಬರುತ್ತಿವೆ ಎಂಬರ್ಥದ ಮಾತಾಡಿದರು. ಆರು ದಿನಗಳ ತರುವಾಯ ಕೊಲೊರಾಡೊ ಬಿಗ್ 12ಕ್ಕೆ ಹೊರಟಿತು.

ಆಗಸ್ಟ್ 1ರಂದು ಸದಸ್ಯರ ಮುಂದೆ ಬಂದದ್ದು ಆ್ಯಪಲ್ ಕಂಪನಿಯ ಪ್ರಸ್ತಾವ. ಪಂದ್ಯಗಳು ಸಾಮಾನ್ಯ ಟಿ.ವಿ. ವಾಹಿನಿಗಳ ಬದಲು ಮುಖ್ಯವಾಗಿ ಅಂತರಜಾಲದಲ್ಲಿ ಚಂದಾದಾರರಿಗೆ ಸಿಗುವಂತೆ ರೂಪಿಸಿದ್ದ ಈ ಯೋಜನೆಯಲ್ಲಿ ಖಚಿತ ಮೊತ್ತ ಬಿಗ್ 12ರ ಪಾಲಿಗಿಂತ ಕಡಿಮೆಯಿದ್ದು, ಚಂದಾದಾರರು ಹೆಚ್ಚಿದರೆ ಪಾಲು ಹೆಚ್ಚುತ್ತದೆಂಬ ಭರವಸೆಯಿತ್ತು. ಆಗಸ್ಟ್ 4ರ ಶುಕ್ರವಾರ ಬೆಳಿಗ್ಗೆ ಉಳಿದ ಒಂಬತ್ತು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸಭೆ ಸೇರಿ ಹೊಸ ಹಕ್ಕುಪತ್ರಕ್ಕೆ ಸಹಿ ಹಾಕುವರೆಂಬ ನಿರೀಕ್ಷೆಯಿತ್ತು. ಆ ಸಹಿ ಬೀಳಲೇ ಇಲ್ಲ. ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್ ಒಕ್ಕೂಟಕ್ಕೆ ಹೊರಟವು, ಅವು ಹೊರಟದ್ದು ಖಚಿತವಾದೊಡನೆ ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಮೂರೂ ಬಿಗ್ 12ಕ್ಕೆ ಹೊರಟವು. ಬೆಳಿಗ್ಗೆ ಒಂಬತ್ತಿದ್ದದ್ದು ರಾತ್ರಿಗೆ ನಾಲ್ಕಾಯಿತು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿ, ಹಲವು ವರ್ಷ ಪೂರ್ಣ ಪಾಲು ಕೇಳುವುದಿಲ್ಲವೆಂಬ ಷರತ್ತಿಗೊಪ್ಪಿ, ಎಸಿಸಿಗೆ ಸೇರಿದವು. ಹೆಸರಿನಲ್ಲೇ ಅಟ್ಲಾಂಟಿಕ್ ಕರಾವಳಿಯನ್ನು ಹೊತ್ತ ಆ ಒಕ್ಕೂಟಕ್ಕೆ ಪೆಸಿಫಿಕ್ ತೀರದ ಎರಡು ವಿಶ್ವವಿದ್ಯಾಲಯಗಳು ಸೇರಿದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ, ಅಥವಾ ಎನಿಸಿದರೂ ಆಡಿ ತೋರಿಸಲು ವ್ಯವಧಾನವಿರಲಿಲ್ಲ.

ಉಳಿದವು ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಮೊದಲನೆಯದು ಕೊರ್ವಾಲಿಸ್ ಎಂಬ ಸುಮಾರು 60 ಸಾವಿರ ಜನರ ಊರಿನದು. ಎರಡನೆಯದು ಗೋಧಿ ಬೆಳೆಯುವ ದಿಣ್ಣೆಗಳ ನಡುವಿನ ಪುಲ್‌ಮನ್‌ನದು, ಅಲ್ಲಿನ ಜನಸಂಖ್ಯೆ ಇದರ ಸುಮಾರು ಅರ್ಧ. ಎರಡೂ ಕೃಷಿ ಕಾಲೇಜುಗಳಾಗಿ ಬೆಳೆದ ಸರ್ಕಾರಿ ವಿಶ್ವವಿದ್ಯಾಲಯಗಳು. ಕೊರ್ವಾಲಿಸ್‌ನವರಂತೂ 1915ರ ಸ್ಥಾಪಕ ಸದಸ್ಯರು. 2023ರಲ್ಲೇ ಒರೆಗಾನ್ ಸ್ಟೇಟ್ ಸುಮಾರು 16 ಕೋಟಿ ಡಾಲರ್ ವೆಚ್ಚದಲ್ಲಿ ತನ್ನ ರೀಸರ್ ಕ್ರೀಡಾಂಗಣದ ಪಶ್ಚಿಮ ಭಾಗವನ್ನು ಹೊಸದಾಗಿ ಕಟ್ಟಿ ಮುಗಿಸಿತ್ತು. ದೊಡ್ಡ ಒಕ್ಕೂಟದ ಪಂದ್ಯಗಳಿಗೆಂದು ಕಟ್ಟಿದ ಗ್ಯಾಲರಿ ಉದ್ಘಾಟನೆಯಾಗುವ ಹೊತ್ತಿಗೆ ಒಕ್ಕೂಟವೇ ಚೆದುರಿಹೋಗುವುದು ಖಚಿತವಾಗಿತ್ತು. ಆಟದಲ್ಲಿ ಈ ಎರಡು ತಂಡಗಳು ಹಿಂದೆ ಬಿದ್ದಿದ್ದವೆಂದು ಹೇಳುವಂತಿಲ್ಲ. ಸೆಪ್ಟೆಂಬರ್ 23ರಂದು ಪುಲ್‌ಮನ್‌ನಲ್ಲಿ ಇವೆರಡೂ ಎದುರಾದಾಗ ಎರಡೂ ದೇಶದ ಅಗ್ರ 25 ತಂಡಗಳ ಪಟ್ಟಿಯಲ್ಲಿದ್ದವು, ವಾಷಿಂಗ್ಟನ್ ಸ್ಟೇಟ್ 38-35ರಿಂದ ಗೆದ್ದಿತು. ಹೊರಗುಳಿಯಲು ಕಾರಣ ಊರಿನ ಅಳತೆ, ಟಿ.ವಿ. ಮಾರುಕಟ್ಟೆಯ ಅಳತೆ.

ಪರಿಣಾಮ ಬೇಗನೆ ಕಂಡಿತು. ಒರೆಗಾನ್ ಸ್ಟೇಟ್‌ನ ಹಳೆಯ ವಿದ್ಯಾರ್ಥಿಯೂ ಆಗಿದ್ದ ಮುಖ್ಯ ತರಬೇತುದಾರ ಜೊನಾಥನ್ ಸ್ಮಿತ್ ನವೆಂಬರ್‌ನಲ್ಲಿ ಮಿಷಿಗನ್ ಸ್ಟೇಟ್‌ಗೆ ಹೋದರು. ಆಟಗಾರರು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಒಂದು ವರ್ಷ ಕಾಯದೆ ಬದಲಾಗಬಹುದೆಂಬ ನಿಯಮ 2021ರಲ್ಲೇ ಬಂದಿದ್ದುದರಿಂದ ಅವರನ್ನೂ ತಡೆಯುವಂತಿರಲಿಲ್ಲ. ವಾಷಿಂಗ್ಟನ್ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ ಪ್ರಧಾನ ಆಟಗಾರ, ಕ್ಯಾಮ್ ವಾರ್ಡ್ ಮಯಾಮಿಗೆ ಹೋಗಿ, 2025ರಲ್ಲಿ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಮೊದಲನೆಯವರಾಗಿ ಆರಿಸಿಬಂದರು.

ಕೈಬಿಟ್ಟು ಹೋದವರಲ್ಲಿ ಒರೆಗಾನ್ ಮತ್ತು ವಾಷಿಂಗ್ಟನ್ ಉಳಿದ ಇಬ್ಬರ ಅವರವರ ರಾಜ್ಯದ್ದೇ, ಅದೇ ತೆರಿಗೆದಾರರ ಹಣ ಪಡೆಯುವ ಸೋದರ ಸಂಸ್ಥೆಗಳು ಎಂಬುದು ಅವರಿಗಾದ ಹೆಚ್ಚಿನ ನೋವು. ಎರಡೂ ರಾಜ್ಯಗಳ ಸರ್ಕಾರಗಳು ಅದನ್ನು ತಡೆಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಯುಸಿಎಲ್‌ಎ ಮತ್ತು ಬರ್ಕ್‌ಲಿ ಎರಡೂ ಒಂದೇ ಆಡಳಿತ ಮಂಡಳಿಗೆ ಸೇರಿದ್ದರಿಂದ, ಯುಸಿಎಲ್‌ಎ ಹೊರಹೋದದ್ದರಿಂದಾದ ನಷ್ಟಕ್ಕೆ ಅದು ಬರ್ಕ್‌ಲಿಗೆ ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಡಬೇಕೆಂದು ಮಂಡಳಿ 2024ರ ಮೇ ತಿಂಗಳಲ್ಲಿ ತೀರ್ಮಾನಿಸಿತು.

ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಇಬ್ಬರೂ ಸೇರಿ 2023ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ವಿಟ್‌ಮನ್ ಕೌಂಟಿ ನ್ಯಾಯಾಲಯಕ್ಕೆ ಹೋದರು. 2024ರ ಆಗಸ್ಟ್ 1ಕ್ಕೆ ಮುಂಚೆ ಹೊರಹೋಗುವ ಸೂಚನೆ ಕೊಟ್ಟ ಸದಸ್ಯರಿಗೆ ಮಂಡಳಿಯಲ್ಲಿ ಮತಾಧಿಕಾರವಿಲ್ಲವೆಂಬುದು ಒಕ್ಕೂಟದ ನಿಯಮ; ಯುಎಸ್‌ಸಿ ಮತ್ತು ಯುಸಿಎಲ್‌ಎ ಹೊರಟಾಗ ಅವರನ್ನು ಮಂಡಳಿಯಿಂದ ಹೊರಗಿಟ್ಟದ್ದೂ ಇದೇ ನಿಯಮದಂತೆ. ಹಾಗಿದ್ದರೆ ಹೊರಟ ಹತ್ತು ಮಂದಿಯೂ ಮತಾಧಿಕಾರ ಕಳೆದುಕೊಂಡಿದ್ದಾರೆ, ಒಕ್ಕೂಟದ ಆಸ್ತಿ ಮತ್ತು ಭವಿಷ್ಯವನ್ನು ನಿರ್ಧರಿಸುವವರು ಉಳಿದ ಇಬ್ಬರೇ ಎಂಬುದು ವಾದ. ಮುಂದಿನ ವರ್ಷ ಹೊರಡುವವರಿಗೆ ಆ ನಿಯಮ ಅನ್ವಯಿಸದೆಂಬುದು ಎದುರು ವಾದ. ನವೆಂಬರ್‌ನಲ್ಲಿ ನ್ಯಾಯಾಧೀಶರು ಇಬ್ಬರ ಪರ ಮಧ್ಯಂತರ ಆದೇಶ ಕೊಟ್ಟರು, ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಮರುಪರಿಶೀಲಿಸಲು ಒಪ್ಪಲಿಲ್ಲ, ಬಳಿಕ ಹತ್ತು ಮಂದಿ ಆ ವರ್ಷದ ವರಮಾನದ ಒಂದಂಶ ಬಿಟ್ಟುಕೊಟ್ಟು ರಾಜಿಯಾದರು. ಒಕ್ಕೂಟದ ಹೆಸರು, ಖಜಾನೆ, ಕಾಗದಪತ್ರ ಎಲ್ಲ ಇಬ್ಬರ ಕೈಗೆ ಬಂತು, ಆಡಲು ಎದುರಾಳಿಗಳೊಂದು ಬಿಟ್ಟು.

ಹೋದವರ ಪಾಡೂ ಪೂರಾ ಸುಖದ್ದಲ್ಲ. ಲಾಸ್ ಏಂಜಲೀಸ್‌ನ ಮಹಿಳಾ ವಾಲಿಬಾಲ್ ತಂಡ ಒಕ್ಕೂಟದ ಪಂದ್ಯಕ್ಕಾಗಿ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರದ ನ್ಯೂಜೆರ್ಸಿಗೆ ವಿಮಾನ ಹತ್ತಬೇಕು, ಮೂರು ಗಂಟೆಗಳ ಕಾಲವ್ಯತ್ಯಾಸ ದಾಟಿ ಮರಳಿ ತರಗತಿಗೆ ಹಾಜರಾಗಬೇಕು. ಈ ಹುಡುಗಿಯರ ಆಟಕ್ಕೂ ಆ ಟಿ.ವಿ. ಒಪ್ಪಂದಕ್ಕೂ ಹೆಚ್ಚಿನ ಸಂಬಂಧವಿಲ್ಲ.

ಪ್ರತಿಸಲವೂ ಹೀಗೆ ಬೇಸ್ತುಬೀಳುವುದೇಕೆ ಎಂಬ ಪ್ರಶ್ನೆಗೆ ಗುಟ್ಟು ಒಂದೇ ಉತ್ತರವಲ್ಲ. ಗುಟ್ಟು ಇರುವುದು ನಿಜ: ಮಾತುಕತೆ ಬಯಲಾದರೆ ಮತಾಧಿಕಾರ ಹೋಗುತ್ತದೆ, ಮೊಕದ್ದಮೆಯ ಭಯವಿರುತ್ತದೆ, ಆದ್ದರಿಂದ ಕೊನೆಯ ಗಳಿಗೆಯವರೆಗೂ ಎಲ್ಲರೂ ನಿಷ್ಠೆಯ ಮಾತನ್ನೇ ಆಡುತ್ತಾರೆ. ಆದರೆ ಹಕ್ಕುಪತ್ರದ ಅವಧಿ ಮುಗಿಯುವ ದಿನಾಂಕ ಗುಟ್ಟಾಗಿರಲಿಲ್ಲ, ಬಿಗ್ 12ರ ಒಪ್ಪಂದವೂ ಪತ್ರಿಕೆಗಳಲ್ಲೇ ಬಂದಿತ್ತು. ಗಾಳಿ ಬಂದಾಗ ತೂರಿಕೊಳ್ಳುವ ಅವಕಾಶ ತಮಗಿಲ್ಲವೆಂದು ಗೊತ್ತಿದ್ದ ಸಣ್ಣ ಊರಿನ ಸಂಸ್ಥೆಗಳು, ಅವಕಾಶವಿದ್ದವರೂ ತಮ್ಮ ಜೊತೆಗೇ ನಿಲ್ಲುತ್ತಾರೆಂದು ನಂಬಿದ್ದವು. ನೂರು ವರ್ಷದ ಒಡನಾಟವನ್ನು ಅವು ಒಪ್ಪಂದವೆಂದು ತಿಳಿದವು. ಸಂಕಟ ಹುಟ್ಟಿದ್ದು ಅಲ್ಲಿ.

ಎಂಟು ಸದಸ್ಯರಿಗಿಂತ ಕಡಿಮೆಯಿರುವ ಫುಟ್‌ಬಾಲ್ ಒಕ್ಕೂಟಕ್ಕೆ ಎನ್‌ಸಿಎಎ ಎರಡು ವರ್ಷಗಳ ರಿಯಾಯಿತಿ ಕೊಡುತ್ತದೆ. ಆ ಅವಧಿಯ ಮೊದಲ ವರ್ಷಕ್ಕೆ ಇಬ್ಬರೂ ಪಕ್ಕದ ಮೌಂಟನ್ ವೆಸ್ಟ್ ಒಕ್ಕೂಟಕ್ಕೆ 1.4 ಕೋಟಿ ಡಾಲರ್ ಕೊಟ್ಟು ಅದರ ತಂಡಗಳೊಡನೆ ಪಂದ್ಯ ಗೊತ್ತುಮಾಡಿಕೊಂಡರು. ತನ್ನ ಸದಸ್ಯರನ್ನು ಸೆಳೆದರೆ ತಲೆಗಿಷ್ಟು ದಂಡ ತೆರಬೇಕೆಂಬ ಷರತ್ತನ್ನು ಮೌಂಟನ್ ವೆಸ್ಟ್ ಆ ಒಪ್ಪಂದದಲ್ಲೇ ಬರೆಸಿಕೊಂಡಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಪ್ಯಾಕ್-12 ಅದೇ ಮೌಂಟನ್ ವೆಸ್ಟ್‌ನಿಂದ ಬಾಯ್ಸಿ ಸ್ಟೇಟ್, ಕೊಲೊರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್ ಮತ್ತು ಯೂಟಾ ಸ್ಟೇಟ್ ಎಂಬ ಐದು ವಿಶ್ವವಿದ್ಯಾಲಯಗಳನ್ನು ತನ್ನೆಡೆಗೆ ಎಳೆದುಕೊಂಡು, ಒಟ್ಟು 5.5 ಕೋಟಿ ಡಾಲರಿನ ಆ ದಂಡ ಕಾನೂನುಬಾಹಿರವೆಂದು ನ್ಯಾಯಾಲಯಕ್ಕೆ ಹೋಯಿತು. ಮೌಂಟನ್ ವೆಸ್ಟ್‌ನಲ್ಲಿ ಉಳಿದವರು ತಮ್ಮ ಸಂಖ್ಯೆ ಸರಿಪಡಿಸಿಕೊಳ್ಳಲು ಇನ್ನೂ ಕೆಳಗಿನ ಕಾನ್ಫರೆನ್ಸ್ ಯುಎಸ್‌ಎ ಒಕ್ಕೂಟದಿಂದ ಟೆಕ್ಸಾಸ್‌ನ ಎಲ್ ಪಾಸೊ ವಿಶ್ವವಿದ್ಯಾಲಯವನ್ನು ಕರೆದುಕೊಂಡರು.